ಲೈಮನ್ ಟಟ್ಲನ ಮೂಗೂ ಬರಿಗೈ ಎಫ್ರಾಯಿಮನೂ

ಓಹಾಯೋದ ಹಾರ್ಲೋ ಮಿಲ್ಸ್ ಊರಿನಲ್ಲಿ ಲೈಮನ್ ಟಟ್ಲನ ಮೂಗಿಗಿದ್ದ ಮರ್ಯಾದೆ ಮೇಯರ್‌ಗೂ ಇರಲಿಲ್ಲ. ಹಳೆಯ ಬೇಸ್‌ಬಾಲ್ ಚಿತ್ರದ ಕಾರ್ಡು ಯಾರಿಗೆ ಸಿಕ್ಕಿದರೂ ಅದು ಮೊದಲು ಬಂದು ಬೀಳುತ್ತಿದ್ದದ್ದು ಈ ನಿವೃತ್ತ ಅಂಚೆಯಣ್ಣನ ಕೈಗೆ. ಆತ ಕಣ್ಣು ಮುಚ್ಚಿದಂತೆ ಕಿರಿದು ಮಾಡಿ, ಕಾರ್ಡನ್ನು ಮೂಗಿನ ತುದಿಗೆ ತಾಗಿಸಿ, ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸುತ್ತಿದ್ದ. ಆಮೇಲೆ ತೀರ್ಪು: "ಸಾವಿರದೆಂಟುನೂರ ಎಂಬತ್ತೇಳು. ಅಸಲಿ." ನೋಡುತ್ತಿದ್ದವರು ಉಸಿರು ಬಿಡುತ್ತಿದ್ದದ್ದು ಆಗಲೇ. ಆ ಮೂಗು ಕಾಗದದ ವಯಸ್ಸನ್ನಷ್ಟೇ ಅಲ್ಲ, ಚಿತ್ರದಲ್ಲಿರುವ ಆಟಗಾರ ಬೆಳಿಗ್ಗೆ ಏನು ತಿಂದಿದ್ದ ಎಂಬುದನ್ನೂ ಹೇಳಬಲ್ಲದು ಎಂದು ಕ್ಷೌರದಂಗಡಿಯಲ್ಲಿ ಮಾತಿತ್ತು. (ಆ ಮಾತನ್ನು ಹಬ್ಬಿಸಿದವನು ಯಾರೆಂದು ಕೇಳಬೇಡಿ. ಲೈಮನ್ ವಾರಕ್ಕೊಮ್ಮೆ ಕ್ಷೌರಕ್ಕೆ ಹೋಗುತ್ತಿದ್ದ. ತಲೆಯಲ್ಲಿದ್ದದ್ದು ನಲವತ್ತು ಕೂದಲು.)

ಈ ಘ್ರಾಣ ಚಕ್ರವರ್ತಿಗೆ ಮನೆಯಲ್ಲಿ ಒಬ್ಬನೇ ಒಬ್ಬ ಶತ್ರು. ಸತ್ತು ನೂರು ವರ್ಷವಾಗಿದ್ದರೂ ಸುಮ್ಮನಿರದ ಶತ್ರು. ಹೆಂಡತಿ ವರ್ನಾಳ ಮುತ್ತಜ್ಜನ ಅಪ್ಪ, ಎಫ್ರಾಯಿಮ್ ಗೂಡ್‌ನೌ. ೧೮೭೧ರಲ್ಲಿ ಊರಿನ ಎಕ್ಲಿಪ್ಸ್ ಬೇಸ್‌ಬಾಲ್ ತಂಡಕ್ಕೆ ಆಡುತ್ತಾ, ಮುರಿದ ಬೆರಳಿನಲ್ಲಿ, ಬರಿಗೈಯಲ್ಲಿ, ಗುಂಡಿನಂತೆ ಬಂದ ಚೆಂಡನ್ನು ಹಿಡಿದವನಂತೆ. ಮೂವತ್ತೊಂದು ವರ್ಷದಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಟರ್ಕಿ ಕೋಳಿ ಕೊಯ್ಯುವ ಮುಂಚೆ ಈ ಕಥೆ. ಮೊದಮೊದಲು ಮುರಿದದ್ದು ಒಂದೇ ಬೆರಳು. ಹೋದ ವರ್ಷಕ್ಕೆ ಮೂರಾಗಿತ್ತು.

ಈ ಶರತ್ಕಾಲದಲ್ಲಿ ವರ್ನಾಳ ಚಿಕ್ಕಮ್ಮನ ಅಟ್ಟದಿಂದ ಎಫ್ರಾಯಿಮ್ ಖುದ್ದಾಗಿ ಇಳಿದು ಬಂದ. ಅಂಗೈಯಗಲದ ರಟ್ಟಿಗೆ ಅಂಟಿಸಿದ ಕಂದು ಫೋಟೋ. ತಂಡದ ಒಂಬತ್ತು ಮೀಸೆ, ಒಂದು ನಾಯಿ.

"ಇವನು ಅಗ್ಗಿಷ್ಟಿಕೆ ಮೇಲೆ ಕೂರ್ತಾನೆ," ಅಂದಳು ವರ್ನಾ.

"ಅಲ್ಲಿ ನನ್ನ ಮೀನಿದೆ."

ಮೀನೆಂದರೆ ಲೈಮನ್ ತನ್ನ ಜೀವಮಾನದಲ್ಲಿ ಹಿಡಿದ ಏಕೈಕ ಹೇಳಿಕೊಳ್ಳುವಂಥ ಮೀನು. ಒಳಗೆ ಹುಲ್ಲು ತುಂಬಿಸಿ, ಮೆರುಗೆಣ್ಣೆ ಹೊಡೆಸಿ, ಹಲಗೆಗೆ ಜಡಿದದ್ದು.

"ನಿನ್ನ ಮೀನು ಗ್ಯಾರೇಜಿಗೆ ಹೋಗುತ್ತೆ. ಅದಕ್ಕೂ ಗಾಳಿ ಬದಲಾವಣೆ ಬೇಡ್ವಾ?"

"ಆ ಕಾರ್ಡು ಅಸಲಿಯಾದ್ರೆ ಹೋಗ್ಲಿ. ಖೋಟಾ ಆದ್ರೆ ಮಾತ್ರ ಇನ್ಮೇಲೆ ಊಟದ ಮೇಜಿನ ಹತ್ರ ಎಫ್ರಾಯಿಮ್‌ನ ಹೆಸರು ಎತ್ತೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ. ಆದ್ರೆ ಕೊನೇ ಮಾತು ನಿನ್ನ ಮೂಗಿಂದಲ್ಲ. ಶನಿವಾರದ ಹಳೇ ಸಾಮಾನಿನ ಮೇಳಕ್ಕೆ ಕಾರ್ಡು ಪರೀಕ್ಷಿಸೋ ಮಿಸ್ ಕಿಂಬ್ರೋ ಬರ್ತಾರೆ, ಅವರದ್ದು."

ಅಂದಿನಿಂದ ಲೈಮನ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅಡುಗೆಮನೆಯಿಂದ ಮೀನಿಗೆ, ಮೀನಿನಿಂದ ಕಿಟಕಿಗೆ, ಕಿಟಕಿಯಿಂದ ಮತ್ತೆ ಮೀನಿಗೆ. ಒಂದೇ ದಿನ ನಾಲ್ಕು ಸಲ ಮೀನಿನ ಧೂಳು ಒರೆಸಿದ. ಗುರುವಾರ ತಡೆಯಲಾಗದೆ ನೇರಳಾತೀತ ದೀಪ ಕೊಂಡುತಂದ. ಈಚಿನ ಕಾಗದಕ್ಕೆ ಹೊಳಪಿನ ಮದ್ದು ಬೆರೆಸಿರುತ್ತಾರೆ. ಆ ದೀಪ ಬಿದ್ದರೆ ನೀಲಿಯಾಗಿ ಮಿನುಗುತ್ತದೆ. ನೂರೈವತ್ತು ವರ್ಷದ ಕಾಗದ ಸತ್ತಂತೆ ಬಿದ್ದಿರುತ್ತದೆ. ಶಾಸ್ತ್ರೋಕ್ತವಾಗಿರಲಿ ಎಂದು ಬಿಳಿ ಹತ್ತಿಯ ಕೈಗವಸನ್ನು ಎರಡು ಲೋಟ ಸೋಪಿನ ಪುಡಿ ಹಾಕಿ ತಾನೇ ಒಗೆದ.

"ನಮ್ಮಜ್ಜ ಬರಿಗೈಯಲ್ಲಿ ಚೆಂಡು ಹಿಡಿದ," ಅಂದಳು ವರ್ನಾ. "ನಿಂಗೆ ಅವನ ಫೋಟೋ ಹಿಡಿಯೋಕೂ ಗವಸು ಬೇಕು."

ಹಗಲಿನಲ್ಲಿ ಕತ್ತಲೆ ಸಿಗುವ ಜಾಗ ಮನೆಯಲ್ಲಿ ಒಂದೇ: ಬಾಗಿಲ ಬಳಿ ಕೋಟುಗಳನ್ನು ತೂಗುಹಾಕುವ ಗೂಡು. ಅದರೊಳಗೆ ಇಬ್ಬರೂ ನುಗ್ಗಿದರು. ವರ್ನಾಳ ಕೈಯಲ್ಲಿ ದೀಪ, ಲೈಮನ್‌ನ ಕೈಯಲ್ಲಿ ಕಾರ್ಡು, ಇಬ್ಬರ ನಡುವೆ ಹಿಮ ಗೋರುವ ಸಲಿಕೆ. ಅವನ ಮೊಣಕೈ ಮಳೆಕೋಟಿನ ತೋಳಿನಲ್ಲಿ ಸಿಕ್ಕಿಕೊಂಡಿತು. ಚಾಚಿದ ಕೈ ಹಿಂದಕ್ಕೆ ಬರಲೊಲ್ಲದು.

ದೀಪ ಹತ್ತಿತು. ಕಾರ್ಡು ನೀಲಿಯಾಗಿ ಮಿನುಗಿತು.

"ಖೋಟಾ!" ಲೈಮನ್‌ನ ಜಯಘೋಷಕ್ಕೆ ಎರಡು ಟೋಪಿ ಕೆಳಗೆ ಬಿದ್ದವು.

"ನನ್ನ ಬ್ಲೌಸೂ ಮಿನುಗ್ತಿದೆ. ಅದೂ ಖೋಟಾನಾ?"

"ದಡ್ಡಿ, ಅದು ಸೋಪಿನ ಪುಡಿ! ಅದರಲ್ಲೂ ಅದೇ ಮದ್ದು ಹಾಕ್ತಾರೆ. ಒಗೆದ ಬಟ್ಟೆಯೆಲ್ಲ ಮಿನುಗುತ್ತೆ. ಇಷ್ಟೂ ಗೊತ್ತಿಲ್ವಾ?"

"ಸರಿ. ಆದ್ರೆ ಕಾರ್ಡಿನ ಮೇಲೆ ಎಳೆಎಳೆಯಾಗಿ ಗೆರೆ ಇದೆಯಲ್ಲ, ಅದೇನು?"

ಲೈಮನ್ ಸಿಕ್ಕಿಕೊಂಡ ಮೊಣಕೈಯನ್ನು ಮತ್ತೊಮ್ಮೆ ಜಗ್ಗಿದ. "ಖೋಟಾ ಕಾಗದದ ನರ," ಎಂದ, ಬಹಳ ಗಾಂಭೀರ್ಯದಿಂದ. "ಕಸುಬು ಗೊತ್ತಿದ್ದವರಿಗೆ ಮಾತ್ರ ಅರ್ಥ ಆಗುತ್ತೆ."

ಶುಕ್ರವಾರ ಆತ ಕ್ಷೌರದಂಗಡಿಗೆ ಹೋಗಿ ನಲವತ್ತು ಕೂದಲನ್ನೂ ಕತ್ತರಿಸಿಕೊಂಡ. ಹಾಗಾಗಿ ಶನಿವಾರದ ಮೇಳದಲ್ಲಿ ಮಿಸ್ ಕಿಂಬ್ರೋ ಅವರ ಮೇಜಿನ ಸುತ್ತ ಅರ್ಧ ಊರು ನೆರೆದಿತ್ತು. ಸಾಲಿನಲ್ಲಿ ಗವಸು ತೊಟ್ಟೇ ನಿಂತ ಲೈಮನ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತಿದ್ದ. ಹಿಂದಿದ್ದವರು ಶೌಚಾಲಯದ ದಾರಿ ತೋರಿಸಿದರು.

ಮಿಸ್ ಕಿಂಬ್ರೋ ಅರವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಬರಿಗೈಯಲ್ಲೇ ಕಾರ್ಡನ್ನು ಅಂಚು ಹಿಡಿದು ಎತ್ತಿದರು. ಭೂತಗನ್ನಡಿಯಲ್ಲಿ ನೋಡಿದರು. "ಅಚ್ಚಿನ ಚುಕ್ಕಿ ಇಲ್ಲ. ನಿಜವಾದ ಫೋಟೋ." ರಟ್ಟಿನ ದಪ್ಪ ನೋಡಿದರು, ಬೆನ್ನ ಮೇಲಿನ ಛಾಯಾಗ್ರಾಹಕನ ಮೊಹರು ಓದಿದರು. ಕಪ್ಪು ಬಟ್ಟೆ ಹೊದ್ದು ದೀಪ ಹಾಕಿದರು.

"ಮಿನುಗುತ್ತಲ್ವಾ ಮೇಡಂ?" ಲೈಮನ್ ತಡೆಯದಾದ.

ಬಟ್ಟೆಯೊಳಗಿನಿಂದ ಮೃದುವಾದ ಕುಂಚವೊಂದು ಸರಸರ ಆಡಿದ ಸದ್ದು. ಆಮೇಲೆ ಮಿಸ್ ಕಿಂಬ್ರೋ ತಲೆ ಹೊರಗೆ ಹಾಕಿದರು.

"ಈಗ ಮಿನುಗಲ್ಲ. ಹತ್ತಿಯ ಎಳೆಗಳು ಅಂಟಿದ್ವು, ಚೆನ್ನಾಗಿ ಸೋಪು ಕುಡಿದ ಎಳೆಗಳು. ಇದನ್ನ ಯಾರಾದ್ರೂ ಒಗೆದ ಗವಸು ಹಾಕ್ಕೊಂಡು ಹಿಡಿದಿದ್ರಾ?"

ವರ್ನಾ ಗಂಡನ ಕಡೆ ತಿರುಗಿದಳು. ಅರ್ಧ ಊರೂ ತಿರುಗಿತು.

"ಕಾರ್ಡು ಅಸಲಿ," ಅಂದರು ಮಿಸ್ ಕಿಂಬ್ರೋ. "ಸಾವಿರದೆಂಟುನೂರ ಎಪ್ಪತ್ತರ ದಶಕದ ಆರಂಭದ್ದು. ನಾಯಿ ಸಮೇತ."

"ಗ್ಯಾರೇಜಿನಲ್ಲಿ ಮೊಳೆ ಎಲ್ಲಿ ಹೊಡೀಲಿ ಲೈಮನ್?" ವರ್ನಾಳ ದನಿ ಜೇನಿನಂತಿತ್ತು. "ಮೀನಿಗೆ ಕಿಟಕಿ ಪಕ್ಕ ಇಷ್ಟಾನಾ?"

ಮಿಸ್ ಕಿಂಬ್ರೋ ಅವರಿಗೆ ಮಾತ್ರ ಇನ್ನೂ ಕುತೂಹಲ. "ಟಟ್ಲ್ ಅವರೇ, ನಿಮ್ಮ ಮೂಗಿನ ವಿಷಯ ನಮ್ಮೂರಿಗೂ ಬಂದಿದೆ. ಇಷ್ಟುದ್ದದ ಎಳೆಗಳು ಅದರ ಕಣ್ಣು ತಪ್ಪಿಸಿದ್ದು ಹೇಗೆ? ಅದು ನಿಜವಾಗ್ಲೂ ಏನು ವಾಸನೆ ಹಿಡಿಯುತ್ತೆ?"

ಸಭೆ ಉಸಿರು ಬಿಗಿಹಿಡಿಯಿತು. ಲೈಮನ್ ಕೈಗವಸುಗಳನ್ನು ಒಂದೊಂದಾಗಿ ಕಳಚಿ ಜೇಬಿಗೆ ತುರುಕಿದ.

"ವಾಸನೆ ಏನೂ ಇಲ್ಲ ಮೇಡಂ," ಎಂದ. "ಕನ್ನಡಕ ಹಾಕಿದ್ರೆ ಮುದುಕನ ಹಾಗೆ ಕಾಣ್ತೀನಿ. ಹಾಕದಿದ್ರೆ ಮೂಗಿಗೆ ತಾಗೋವಷ್ಟು ಹತ್ತಿರ ಹಿಡಿದ್ರೇನೇ ನಂಗೆ ಕಾಣೋದು. ಕೋಟಿನ ಗೂಡಿನಲ್ಲಿ ಕೈ ಮಡಚೋಕೆ ಜಾಗ ಇರಲಿಲ್ಲ."