ಕಂಬಳಿವೀರನೂ ನನ್ನ ಭಾವಮೈದನೂ

ಸಂಸಾರದಲ್ಲಿ ಜಗಳವಾಡುವುದಕ್ಕೂ ಒಂದು ಕಾರಣ ಬೇಕು. ಆಸ್ತಿ ಇದ್ದವರಿಗೆ ಆಸ್ತಿಯ ಜಗಳ, ಇಲ್ಲದವರಿಗೆ ಸಾರಿನ ಉಪ್ಪಿನ ಜಗಳ. ನಮ್ಮ ಮನೆಯಲ್ಲಿ ನಡೆದದ್ದು ಇವೆರಡೂ ಅಲ್ಲ. ಹುಟ್ಟಿಯೇ ಇಲ್ಲದ, ಆದ್ದರಿಂದ ಸಾಯಲೂ ಬಾರದ ಒಬ್ಬ ಮನುಷ್ಯನ ಹೊದಿಕೆಯ ವಿಷಯಕ್ಕೆ ನಾನೂ ನನ್ನ ಹೆಂಡತಿಯ ತಮ್ಮನೂ ಮಾತು ಬಿಟ್ಟೆವು. ಐವತ್ತು ದಾಟಿದ, ತೈಲ ಕಂಪನಿಯೊಂದಕ್ಕೆ ಮೈಲಿಗಟ್ಟಲೆ ಪೈಪು ಖರೀದಿಸುವ, ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಗಂಭೀರ ಮನುಷ್ಯನೆಂದು ಹೆಸರು ಮಾಡಿರುವ ನಾನು ಇದನ್ನು ಬಾಯಿಬಿಟ್ಟು ಹೇಳಬಾರದು. ಆದರೆ ನಾನು ಹೇಳದಿದ್ದರೆ ನನ್ನ ಹೆಂಡತಿ ಸುಧಾ ಹೇಳುತ್ತಾಳೆ. ಅವಳು ಹೇಳಿದರೆ ನನ್ನ ಮಾನ ಇನ್ನಷ್ಟು ಹೋಗುತ್ತದೆ.

ಆ ಹುಟ್ಟದ ಮನುಷ್ಯನ ಹೆಸರು ಕಂಬಳಿವೀರ. ನಾನು ತಿಪಟೂರಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ತಿಂಗಳಿಗೊಮ್ಮೆ ಬರುತ್ತಿದ್ದ ಕಾಮಿಕ್ಸ್ ಪುಸ್ತಕಗಳ ನಾಯಕ. ಹೊರದೇಶದ ವೀರರೆಲ್ಲ ರೇಷ್ಮೆಯ ಮೇಲುವಸ್ತ್ರ ಹಾರಿಸಿಕೊಂಡು ಬಂದರೆ ಇವನು ಕರಿ ಕಂಬಳಿ ಹೊದ್ದು ಬರುತ್ತಿದ್ದ. ಬೀಸಿದರೆ ಬಿರುಗಾಳಿ, ಹಾಸಿದರೆ ಸೇತುವೆ, ಹೊದ್ದರೆ ಗುಂಡು ತಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಅವನಿಗೆ ಸೆಖೆಯಾಗುವುದಿಲ್ಲವೇ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಅಹಮದಾಬಾದಿನ ಮೇ ತಿಂಗಳುಗಳಲ್ಲಿ ಬೆಳೆದ ನನ್ನ ಮಗಳಿಗೆ. "ಪಪ್ಪಾ, ಈ ಅಂಕಲ್‌ಗೆ ಗರ್ಮಿ ಆಗಲ್ವಾ?" ಎಂದು ಮೊದಲ ಪುಟದಲ್ಲೇ ಕೇಳಿ ಪುಸ್ತಕ ಮುಚ್ಚಿದಳು. ಕಂಬಳಿವೀರನ ನೆಪದಲ್ಲಿ ಅವಳಿಗೆ ಕನ್ನಡ ಓದಲು ಕಲಿಸಬೇಕೆಂದಿದ್ದ ನನ್ನ ಯೋಜನೆ ಅಲ್ಲಿಗೇ ಮುಗಿಯಿತು. ಕಂಬಳಿವೀರನ ವೈರಿ ಗರಗಸ ಎಂಬ ದುಷ್ಟ. ಪ್ರತಿ ತಿಂಗಳೂ ಕೊನೆಯ ಪುಟದಲ್ಲಿ ಬಾವಿಗೋ ಪ್ರಪಾತಕ್ಕೋ ಬಿದ್ದು, ಮುಂದಿನ ತಿಂಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮತ್ತೆ ಹಾಜರಾಗುತ್ತಿದ್ದ. ಇದನ್ನೆಲ್ಲ ಬರೆಯುತ್ತಿದ್ದವರು 'ಬೈರಿಗೆ' ಎಂದು ಹೆಸರಿಟ್ಟುಕೊಂಡಿದ್ದ ಒಬ್ಬ ಮಹಾಶಯರು.

ನನ್ನ ಮದುವೆ ಧಾರವಾಡದಲ್ಲಿ ಆಯಿತು. ಲಾಜಾಹೋಮದ ಹೊತ್ತಿಗೆ ಹುಡುಗಿಯ ಬೊಗಸೆಗೆ ಅರಳು ಹಾಕಬೇಕಾದ ಅವಳ ತಮ್ಮ ರಘು ನಾಪತ್ತೆ. ಛತ್ರವೆಲ್ಲ ಹುಡುಕಿದ ಮೇಲೆ ಸಿಕ್ಕಿದ್ದು ವರನ ಕೋಣೆಯಲ್ಲಿ. ನನ್ನ ಪೆಟ್ಟಿಗೆಯ ತಳದಲ್ಲಿ ರೇಷ್ಮೆ ಪಂಚೆಯ ಕೆಳಗಿದ್ದ ಕಂಬಳಿವೀರನನ್ನು ತೆಗೆದು ಓದುತ್ತ ಕೂತಿದ್ದನಂತೆ. ಮದುವೆಗೆ ಹೊರಟವನು ಪೆಟ್ಟಿಗೆಯಲ್ಲಿ ಅದನ್ನು ಯಾಕೆ ಇಟ್ಟುಕೊಂಡಿದ್ದೆ ಎಂದು ಕೇಳಬೇಡಿ. ಧೈರ್ಯಕ್ಕೆ. ಪುಸ್ತಕವನ್ನು ಕಂಕುಳಲ್ಲೇ ಅವಚಿಕೊಂಡು ಬಂದ ರಘು ಅರ್ಧ ಅರಳನ್ನು ಅಕ್ಕನ ಬೊಗಸೆಗೂ ಅರ್ಧವನ್ನು ನೆಲಕ್ಕೂ ಸುರಿದು, ನನ್ನ ಕಿವಿಯ ಹತ್ತಿರ ಬಗ್ಗಿ, "ಭಾವಾ, ಗರಗಸ ಸತ್ತನೋ ಇಲ್ಲೋ?" ಎಂದ. "ಸಾಯಲ್ಲ ಕಣೋ" ಎಂದೆ ನಾನು. ಮಂತ್ರದ ನಡುವೆ ಅದನ್ನು ಕೇಳಿಸಿಕೊಂಡ ಪುರೋಹಿತರು ಒಂದು ಕ್ಷಣ ತಡವರಿಸಿದರು. ಆ ದಿನ ನನಗೆ ಹೆಂಡತಿಯೊಬ್ಬಳೇ ಸಿಕ್ಕಳೆಂದು ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಒಬ್ಬ ತಮ್ಮನೂ ಸಿಕ್ಕಿದ್ದ. ಊರಿಗೆ ಹೋದವನೇ ಒಂದು ಪುಸ್ತಕ ಮಾತ್ರ ಇಟ್ಟುಕೊಂಡು ನನ್ನ ಕಂಬಳಿವೀರನ ಕಟ್ಟನ್ನೆಲ್ಲ ಅವನಿಗೆ ಕಳಿಸಿಕೊಟ್ಟೆ.

ಅವನು ಬೆಳೆದು ಎಂಜಿನಿಯರಾಗಿ ವಡೋದರೆಯ ಮಕರಪುರದಲ್ಲಿ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗೆ ಸೇರಿದ. ಅಕ್ಕನ ಮೇಲಿನ ಪ್ರೀತಿಗೆ ಗುಜರಾತಿಗೆ ಬಂದ ಎಂದು ಸುಧಾ ಹೇಳುತ್ತಾಳೆ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ಪ್ರತಿ ಸಂಕ್ರಾಂತಿಗೆ, ಅಂದರೆ ಇಲ್ಲಿಯವರ ಉತ್ತರಾಯಣಕ್ಕೆ, ನಮ್ಮ ಮನೆಗೆ ಬರುತ್ತಾನೆ. ತಾರಸಿಯ ಮೇಲೆ ಅವನು ಗಾಳಿಪಟ ಹಾರಿಸುವುದು, ನಾನು ಹಿಂದೆ ನಿಂತು ದಾರ ಸುತ್ತಿದ ಫಿರ್ಕಿ ಹಿಡಿಯುವುದು. ನನಗೆ ಗಾಳಿಪಟ ಹಾರಿಸಲು ಬಾರದು. ಆಕಾಶದಲ್ಲಿ ಚೆನ್ನಾಗಿ ಆಡುತ್ತಿರುವ ಪಟವನ್ನೇ ಕೈಗೆ ಕೊಟ್ಟರೂ ಅದು ನನ್ನ ಮುಖ ನೋಡಿ ಕೆಳಗಿಳಿಯುತ್ತದೆ. ನೆರೆಹೊರೆಯ ತಾರಸಿಗಳಲ್ಲಿ ನನಗೇನಾದರೂ ಮರ್ಯಾದೆ ಇದ್ದರೆ ಅದು ರಘುವಿನ ಕೈಚಳಕದಿಂದ ಬಂದದ್ದು.

ಇಷ್ಟು ಚೆನ್ನಾಗಿದ್ದ ಸಂಸಾರದಲ್ಲಿ ಬೈರಿಗೆಯವರು ಬೈರಿಗೆ ಆಡಿಸಿದರು. ಬಹಳ ವರ್ಷ ಸುಮ್ಮನಿದ್ದವರು ಹೋದ ವರ್ಷ ಕಂಬಳಿವೀರನನ್ನು ಮೊಬೈಲಿನಲ್ಲಿ ಓದುವ ಹಾಗೆ ಮತ್ತೆ ಬರೆಯತೊಡಗಿದರು. ಹೊಸ ಕತೆಯಲ್ಲಿ ಕಂಬಳಿವೀರನಿಗೆ ಮಂಡಿನೋವು. ಕಂಬಳಿಯನ್ನು ಗೂಟಕ್ಕೆ ನೇತುಹಾಕಿದ್ದಾನೆ. ಗರಗಸ ಬೇರೆ ಯಾರೂ ಅಲ್ಲ, ಇವನ ಹೆಂಡತಿಯ ತಮ್ಮ! ಇಬ್ಬರೂ ರಾಜಿಯಾಗಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಸಾಲದ್ದಕ್ಕೆ ಸಂದರ್ಶನವೊಂದರಲ್ಲಿ ಈ ಮಹಾಶಯರು, "ಹಳೆಯ ಕಂಬಳಿವೀರನೇ ಬೇಕು ಅನ್ನುವವರು ಹಲ್ಲು ಬಂದ ಮೇಲೂ ಗಂಜಿ ಕೇಳುವ ಮಕ್ಕಳು" ಎಂದುಬಿಟ್ಟರು. ಹಲ್ಲು ಬಂದು, ಎರಡು ಉದುರಿಯೂ ಇರುವ ನನ್ನಂಥವನಿಗೆ ಹೇಗಾಗಬೇಡ?

ಗುಜರಾತಿನ ಈ ಭಾಗದಲ್ಲಿ ಬ್ಯಾಂಕು, ರೈಲ್ವೆ, ವಿಮೆ ಎಂದು ಬಂದು ನೆಲೆಸಿದ ಕನ್ನಡಿಗರಲ್ಲಿ ಕಂಬಳಿವೀರನ ಅಭಿಮಾನಿಗಳು ಸೇರಿ ವಾಟ್ಸಾಪಿನಲ್ಲಿ 'ಕಂಬಳಿ ಬಳಗ' ಕಟ್ಟಿಕೊಂಡಿದ್ದೇವೆ. ಬಳಗ ಎರಡು ಹೋಳಾಯಿತು. ಅಹಮದಾಬಾದಿನವರು ಬಹುಪಾಲು ನನ್ನ ಕಡೆ: ಬೈರಿಗೆ ದ್ರೋಹಿ, ಕಂಬಳಿ ಮತ್ತೆ ಹೆಗಲೇರಬೇಕು. ವಡೋದರೆಯವರು ರಘುವಿನ ಹಿಂದೆ: ಬರೆಯುವವನು ಬೆಳೆಯುತ್ತಾನೆ, ಓದುವವನೂ ಬೆಳೆಯಬೇಕು. ಸೂರತ್ತಿನಿಂದ ಇರುವವರು ಒಬ್ಬರೇ, ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಶೆಟ್ಟರು. ಅವರು ಎರಡೂ ಪಕ್ಷಕ್ಕೆ ಸೇರಲಿಲ್ಲ. "ಎಂತ ಮಾರಾಯ್ರೆ, ಕತೆ ಹೇಗೂ ಇರಲಿ. ಹೊಸ ಚಿತ್ರದಲ್ಲಿ ಕಂಬಳಿಗೆ ಕೊಟ್ಟ ಕಪ್ಪು ಸರಿ ಇಲ್ಲ. ಒಂದು ಒಗೆತಕ್ಕೆ ಬಣ್ಣ ಬಿಡ್ತದೆ" ಎಂದು ಧ್ವನಿಸಂದೇಶ ಕಳಿಸಿದರು. ಎಷ್ಟೇ ಬಿಸಿಯಾಗಿ ಚರ್ಚೆ ನಡೆದರೂ ಅವರು ಬಣ್ಣದಿಂದ ಆಚೆ ಬರಲಿಲ್ಲ.

ಒಂದು ಭಾನುವಾರ ರಘು ಬಳಗದಲ್ಲಿ ಬರೆದ: "ಭಾವಾ ಅವರು ಇನ್ನೂ ಗಂಜಿಯೊಳಗೇ ಇದ್ದಾರ." ನಗಿಸಲು ಬರೆದದ್ದು, ಎಲ್ಲರೂ ನಕ್ಕರು. ನನಗೆ ಮಾತ್ರ ಬೆಂಕಿ ಹತ್ತಿತು. "ನಿನಗೆ ಕಂಬಳಿವೀರ ಯಾರು ಅಂತ ತೋರಿಸಿಕೊಟ್ಟವನೇ ನಾನು. ಅವನ ಮೇಲೆ ಅಷ್ಟು ಅಸಡ್ಡೆ ಇದ್ದರೆ ನಾನು ಕೊಟ್ಟ ಪುಸ್ತಕ ವಾಪಸು ಕೊಡು" ಎಂದು ಎಲ್ಲರ ಎದುರಿಗೇ ಬರೆದೆ. ಬರೆದು, ಬಜ್ಜಿ ತಿಂದು, ಮರೆತೆ. ಮುಂದಿನ ವಾರ ಮಕರಪುರದಿಂದ ಪಾರ್ಸೆಲ್ ಬಂತು. ಟ್ರಾನ್ಸ್‌ಫಾರ್ಮರ್ ಪ್ಯಾಕ್ ಮಾಡುವ ಹಾಗೆ ಥರ್ಮೊಕೋಲು, ಅದರ ಮೇಲೆ ಟೇಪು. ಒಳಗೆ ಅಷ್ಟೂ ಪುಸ್ತಕ, ಒಂದು ಹಾಳೆಯ ಮೂಲೆಯೂ ಮಡಚಿರಲಿಲ್ಲ. ಕೊಟ್ಟದ್ದನ್ನು ಕೇಳಬಾರದು, ಕೇಳಿದ ಮೇಲೆ ಸಿಗಬಾರದು. ನನಗೆ ಊಟ ಸೇರಲಿಲ್ಲ.

ಸುಧಾ ಪಾರ್ಸೆಲನ್ನೂ ನನ್ನನ್ನೂ ನೋಡಿದಳು. "ಏನ್ರೀ, ಆಫೀಸಿನ್ಯಾಗ ಪೈಪ್ ಖರೀದಿ ಮಾಡೋರು ಮನ್ಯಾಗ ಜಗಳಾ ಯಾಕ ಖರೀದಿ ಮಾಡ್ತೀರಿ? ನನಗ ಇರಾಂವ ಒಬ್ಬ ತಮ್ಮ. ಈ ಸಂಕ್ರಮಣಕ್ಕ ಅಂವ ಬರಲಿಲ್ಲಂದ್ರ, ಆ ನಿಮ್ಮ ಕಂಬಳಿಯಾಂವನ ಕಡೆನ ಹಬ್ಬದ ಮಾದ್ಲಿ ಮಾಡಿಸಿಕೊಂಡು ಉಣ್ರಿ" ಎಂದಳು. ಕಣ್ಣಲ್ಲಿ ನೀರಿತ್ತು. ಅವಳು ಬೈದಾಗ ನಾನು ಹೆದರುವುದಿಲ್ಲ, ಅಭ್ಯಾಸವಾಗಿದೆ. ಅತ್ತರೆ ನನ್ನ ಕೈಕಾಲು ಆಡುವುದಿಲ್ಲ. ಅಕ್ಕತಮ್ಮಂದಿರು ಫೋನಿನಲ್ಲಿ ಮಾತಾಡುತ್ತಲೇ ಇದ್ದರು, ಆದರೆ ಹಬ್ಬಕ್ಕೆ ಬಾ ಎಂದು ಅವಳು ಕರೆಯಲಿಲ್ಲ. ಓಡಿಸಿದವರೇ ಕರೆಯಲಿ ಎಂಬುದು ಅವಳ ನ್ಯಾಯ. ನ್ಯಾಯವೇನೋ ಸರಿ, ಆದರೆ ಭಾವನಾದವನು ತಾನಾಗಿ ಸೋಲುವುದೆಂದರೆ ಸಾಮಾನ್ಯವೇ?

ಸೋಲಲು ಮನಸ್ಸಿಲ್ಲದ್ದರಿಂದ ಇನ್ನಷ್ಟು ಜೋರಾಗಿ ಗೆಲ್ಲೋಣವೆಂದು ಬೈರಿಗೆಯವರ ಹೊಸ ಕತೆಯ ತಪ್ಪುಗಳನ್ನು ಎತ್ತಿ ತೋರಿಸಲು ಹೊರಟೆ. ಅದಕ್ಕೆ ಮೊದಲು ಅದನ್ನು ಓದಬೇಕಾಯಿತು. ಹೌದು, ಓದಿರಲಿಲ್ಲ. ನಮ್ಮ ಬಳಗದಲ್ಲಿ ಉಗ್ರವಾಗಿ ಖಂಡಿಸಿದವರಲ್ಲಿ ಹೆಚ್ಚಿನವರು ಓದಿರಲಿಲ್ಲವೆಂದು ನನ್ನ ಅನುಮಾನ. ಆಫೀಸಿನಲ್ಲಿ ಊಟದ ಡಬ್ಬಿ ಮುಂದಿಟ್ಟುಕೊಂಡು ಮೊಬೈಲು ತೆರೆದೆ. ಮಂಡಿನೋವಿನ ಕಂಬಳಿವೀರ ಗೋಧಿಯ ಮೂಟೆ ಎತ್ತಲಾಗದೆ ನಿಂತಿದ್ದಾನೆ. ಜೀವಮಾನವಿಡೀ ಅವನ ಮೇಲೆ ಬಾಂಬು ಎಸೆದ ಗರಗಸ ಬಂದು, "ಬಿಡಿ ಭಾವ, ಒಂದು ಕಡೆ ನಾನು ಹಿಡೀತೀನಿ" ಎನ್ನುತ್ತಾನೆ. ಅಷ್ಟೇ. ನಾನು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡೆ. ಎದುರಿಗೆ ಕೂತಿದ್ದ ಸಹೋದ್ಯೋಗಿ ಪಟೇಲರು "ಮಿರ್ಚಿ ಜಾಸ್ತಿ ಹೋ ಗಯಾ ಕ್ಯಾ?" ಎಂದು ನೀರು ಮುಂದೆ ತಳ್ಳಿದರು. ಹೌದೆಂದು ತಲೆಯಾಡಿಸಿ ಕುಡಿದೆ. ಡಬ್ಬಿಯಲ್ಲಿ ಇದ್ದದ್ದು ಮೊಸರನ್ನ.

ರಘುವಿಗೆ ಸಂದೇಶ ಬರೆಯಲು ಕೂತೆ. ಕ್ಷಮಿಸು ಎಂದು ಬರೆದೆ, ಸಿನಿಮಾದಂತಾಯಿತೆಂದು ಅಳಿಸಿದೆ. ಹಬ್ಬಕ್ಕೆ ಬಾ ಎಂದು ಬರೆದೆ, ಬರದಿದ್ದರೆ ಏನು ಗತಿ ಎಂದು ಅಳಿಸಿದೆ. ಕೊನೆಗೆ ಜನವರಿ ಬಂತೆಂದರೆ ಇಡೀ ಗುಜರಾತು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯನ್ನೇ ಕಳಿಸಿದೆ: "ಗಾಳಿ ಹೇಗಿದೆ?" ಉತ್ತರ ಬಂತು: "ಇಲ್ಲಿ ಚಲೋ ಅದ. ಅಲ್ಲಿ?" ನಾನು ಬರೆದೆ: "ಇಲ್ಲಿ ಫಿರ್ಕಿ ಹಿಡಿಯೋನು ಇದ್ದಾನೆ. ಪಟ ಹಾರಿಸೋನು ಇಲ್ಲ." ಹಬ್ಬದ ಬೆಳಿಗ್ಗೆ ಬಾಗಿಲು ತೆಗೆದರೆ ರಘು ಗಾಳಿಪಟಗಳ ಕಟ್ಟು ಹಿಡಿದು ನಿಂತಿದ್ದ. ಸುಧಾ ಒಳಗೆ ಹೋಗಿ ಗೋಧಿ ಬೆಲ್ಲದ ಮಾದಲಿಗೆ ಇನ್ನಷ್ಟು ತುಪ್ಪ ಸುರಿದಳು.

ತಾರಸಿಯ ಮೇಲೆ ರಘು ಪಟ ಏರಿಸಿ ನಾನು ಫಿರ್ಕಿ ಹಿಡಿದು ನಿಂತಿದ್ದಾಗ ಅವಳೇ ಎಳ್ಳುಬೆಲ್ಲದ ತಟ್ಟೆ ತಂದು ನಮ್ಮಿಬ್ಬರ ನಡುವೆ ಹಿಡಿದಳು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡು ಎಂಬುದು ನಮ್ಮ ಕಡೆಯ ಕಟ್ಟಳೆ. ಎಳ್ಳುಬೆಲ್ಲದ ಹಾಗೆ ಇರೋಣ ಎಂಬುದು ಸುಧಾಳ ಕಡೆಯದು. ಎರಡೂ ಕಡೆಯ ಕಟ್ಟಳೆ ಮೇಲೆ ಬಿದ್ದ ಮೇಲೆ ಒಳ್ಳೆಯ ಮಾತಾಡದೆ ಗತ್ಯಂತರವಿರಲಿಲ್ಲ. ಇಬ್ಬರೂ ಬಹಳ ಹೊತ್ತು ಕೊಬ್ಬರಿ ಅಗಿದೆವು. ಹಿರಿಯನಾದ್ದರಿಂದ ನಾನೇ ಬಾಯಿಬಿಟ್ಟೆ.

"ನೋಡು ರಘು, ನೀನು ಹೇಳಿದ್ದೇ ಸರಿ. ಬೈರಿಗೆ ದೊಡ್ಡ ಲೇಖಕ. ಆ ಗಿರಣಿ ಕತೆ ಚೆನ್ನಾಗಿದೆ."

"ಇಲ್ರೀ ಭಾವಾ, ನೀವು ಹೇಳಿದ್ದ ಖರೆ. ಪುಸ್ತಕ ಪ್ಯಾಕ್ ಮಾಡ್ಲಿಕ್ಕೆ ಕೂತಾಂವ ಎಲ್ಲಾ ಓದಕೋತ ಕೂತೆ. ಕಂಬಳಿ ಇಲ್ಲದ ಅಂವ ಎಂಥಾ ವೀರ? ಬೈರಿಗೆ ಕೆಡಿಸಿದಾ."

"ಛೆ, ಕೆಡಿಸಿಲ್ಲ ಕಣೋ. ನಾನು ಓದದೆ ಬೈದೆ. ತಪ್ಪು ನಂದು."

"ನಿಮ್ಮದು ಹ್ಯಾಂಗ ತಪ್ಪಾಗ್ತದ? ತಪ್ಪು ನಂದು."

"ನಾನು ತಪ್ಪು ಅಂದ್ರೆ ತಪ್ಪು! ಹಿರಿಯನ ಮಾತಿಗೆ ಬೆಲೆ ಇಲ್ವೇನೋ?"

"ಹಿರಿಯರಾದ್ರ ಏನು? ಮಂಡಿನೋವು ಇರೋ ಹೀರೋನ ಕಥಿ ಯಾರಿಗೆ ಬೇಕ್ರೀ?"

"ಮಂಡಿನೋವು ಬಂದೋರಿಗೆ ಬೇಕು! ನಿನಗೇನು ಗೊತ್ತು, ಗಂಜಿ ಕುಡಿಯೋನಿಗೆ?"

ಹೀಗೆ ಒಳ್ಳೆಯ ಮಾತಿನಿಂದಲೇ ಶುರುವಾದ ಜಗಳ ಹಳೆಯದಕ್ಕಿಂತ ಜೋರಾಯಿತು. ನನ್ನ ವಾದವನ್ನೆಲ್ಲ ಅವನು ನನಗಿಂತ ಚೆನ್ನಾಗಿ ಮಂಡಿಸುತ್ತಿದ್ದ. ಹಿಂದೆ ನಾನು ಅದನ್ನೇ ಇಷ್ಟು ಚೆನ್ನಾಗಿ ಹೇಳಿದ್ದರೆ ಬಹುಶಃ ಗೆದ್ದೇಬಿಡುತ್ತಿದ್ದೆ. ಈ ಭರದಲ್ಲಿ ಫಿರ್ಕಿ ಬಿಗಿಯಾಗಿ ಹಿಡಿದಿದ್ದೇನೆಂಬುದು ಮರೆತು, ಅವನು ದಾರ ಬಿಡಿ ಎಂದು ಕೂಗಿದ್ದು ಕೇಳಿಸದೆ, ಪಕ್ಕದ ತಾರಸಿಯವರ ದಾರಕ್ಕೆ ಸಿಕ್ಕಿ ನಮ್ಮ ಪಟ ಕತ್ತರಿಸಿ ಹೋಯಿತು. "ಲಪೇಟ್! ಲಪೇಟ್!" ಎಂದು, ಅಂದರೆ ದಾರ ಸುತ್ತಿಕೊಳ್ಳಿ ಎಂದು, ಸುತ್ತಲಿನ ತಾರಸಿಗಳೆಲ್ಲ ನಮ್ಮನ್ನು ಹಂಗಿಸಿ, ಪೀಪಿ ಊದಿದವು. ಮಗಳು ನಾಚಿಕೆಯಿಂದ ಟೊಪ್ಪಿಗೆಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. "ಮಮ್ಮೀ, ಇವರಿಗೆ ಏನಾದ್ರೂ ಬೋಲೋ ನೆ" ಎಂದಳು.

"ಏನ ಹೇಳ್ಲಿ?" ಎಂದಳು ಸುಧಾ, ಮಾದಲಿಯ ತಟ್ಟೆ ಇಬ್ಬರ ಕೈಗೂ ಕೊಡುತ್ತ. "ಇವ್ರಿಗೆ ಓದ್ಲಿಕ್ಕೆ ಕಥಿ ಬೇಕಾಗಿಲ್ಲ, ಜಗಳಾಡ್ಲಿಕ್ಕೆ ಮನಷ್ಯಾ ಬೇಕು. ಸಿಕ್ಕಾನಲ್ಲಾ, ಆಡ್ಲಿ." ಅವಳು ನಗುತ್ತಿದ್ದಳು. ಪಾರ್ಸೆಲು ಬಂದ ದಿನದಿಂದ ಆ ನಗು ನೋಡಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಕ್ಷಣ ಬೈರಿಗೆಯವರು ಎದುರಿಗೆ ಬಂದಿದ್ದರೆ ಕಾಲಿಗೆ ಬೀಳುತ್ತಿದ್ದೆ. ಪಕ್ಕದಲ್ಲೇ ಇದ್ದ ರಘು ಬೀಳಲು ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಹೊಸ ಸಂಚಿಕೆ ಬಂದು ವಾರವಾಯಿತು. ಕಂಬಳಿವೀರ ಕಂಬಳಿಯನ್ನು ಗೂಟದಿಂದ ಕೆಳಗಿಳಿಸಿ ಕೈಯಲ್ಲಿ ಹಿಡಿದು ಯೋಚಿಸುವಲ್ಲಿಗೆ ಕತೆ ನಿಂತಿದೆ. ಬಳಗದಲ್ಲಿ ಮತ್ತೆ ಕೋಲಾಹಲ. ಬಣ್ಣ ಈ ಸಲ ಪರವಾಗಿಲ್ಲ ಎಂದು ಶೆಟ್ಟರು ತಮ್ಮ ತೀರ್ಪು ಕೊಟ್ಟು, ಕತೆಯ ಬಗ್ಗೆ ನಿಮ್ಮ ಅಭಿಪ್ರಾಯ ಎಂತ ಎಂದು ನನ್ನನ್ನು ಕೇಳಿದರು. ಈ ಸಲ ಮೊದಲ ದಿನವೇ, ಎರಡೆರಡು ಸಾರಿ ಓದಿದ್ದೇನೆ. ಆದರೂ ಏನೂ ಹೇಳಲಿಲ್ಲ. ರಘು ಫೋನ್ ಮಾಡಿ ತನ್ನ ಅಭಿಪ್ರಾಯ ತಿಳಿಸುವವರೆಗೆ, ನನ್ನದು ಏನೆಂದು ನನಗಾದರೂ ಹೇಗೆ ಗೊತ್ತಾಗಬೇಕು?