ಹುರಿದ ಮಣ್ಣು, ಊರಿನ ಮಲ್ಲಿಗೆ

ಅಹಮದಾಬಾದಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ ನಾನು ಮಣ್ಣು ಪರೀಕ್ಷೆ ಮಾಡುತ್ತೇನೆ. ಕೊಳೆತ ಎಲೆ, ಗೊಬ್ಬರ, ಬೇರು ಇವುಗಳ ಸಾರ, ಅಂದರೆ ಸಾವಯವ ಇಂಗಾಲ, ಮಣ್ಣಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಹೇಳುವುದೇ ಹೆಚ್ಚಿನ ಕೆಲಸ. ಕೆಲಸದ ಕಥೆ ಹೇಳಿಕೊಂಡು ನಾನು ನಕ್ಕರೆ, ಇದರಲ್ಲಿ ನಗುವಂಥದ್ದೇನಿದೆ ಎಂದು ಹುಬ್ಬಳ್ಳಿಯ ನಮ್ಮ ಮಂದಿ ಕೇಳುತ್ತಾರೆ. ಮಣ್ಣು ಪಾಪ, ಸುಮ್ಮನಿರುತ್ತದೆ. ತರುವವರು ಸುಮ್ಮನಿರುವುದಿಲ್ಲ.

೧. ಚಿಟಿಕೆ

ಸೂರತ್‌ನ ಕತಾರ್‌ಗಾಮ್‌ನಿಂದ ವಜ್ರದ ವ್ಯಾಪಾರಿಯೊಬ್ಬರು ಬಂದರು. ಊರಾಚೆ ಹೊಸದಾಗಿ ತೋಟ ಮಾಡಿದ್ದರಂತೆ. ಮಣ್ಣು ಎಲ್ಲಿ ಎಂದೆ. ಒಳಜೇಬಿನಿಂದ ಅಂದವಾಗಿ ಮಡಿಸಿದ ಬಿಳಿ ಪೊಟ್ಟಣ ತೆಗೆದು, ಉಸಿರು ಬಿಗಿಹಿಡಿದು ಬಿಚ್ಚಿದರು. ಒಳಗೆ ಒಂದು ಚಿಟಿಕೆ ಮಣ್ಣು.

"ಇಂಗಾಲ ನೋಡಬೇಕು ಸಾಹೇಬ್, ಅರ್ಧ ಕಿಲೋ ಆದರೂ ಬೇಕು" ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ವಜ್ರವೂ ಇಂಗಾಲವೇ. ನಾವು ಇದಕ್ಕಿಂತ ಕಡಿಮೆಯಲ್ಲೇ ನೋಡಿ ಹೇಳ್ತೇವೆ. ನಿಮ್ಮ ಹತ್ತಿರ ಒಳ್ಳೆ ಭೂತಗನ್ನಡಿ ಇಲ್ಲವೇನು?"

೨. ಹುರಿದದ್ದು

ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನಾನಿರುವ ಕಟ್ಟಡದ ಕೆಳಗೇ ಉಡುಪಿ ಕಡೆಯವರೊಬ್ಬರ ಹೋಟೆಲು. ಯಜಮಾನರು ಒಂದು ದಿನ ಕಾಫಿಯ ಜೊತೆ ತಾವೂ ಬಂದು ಎದುರು ಕೂತರು. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಊರಿಂದ ಮಲ್ಲಿಗೆ ಗಿಡ ತಂದು ತಾರಸಿಯ ಕುಂಡದಲ್ಲಿ ನೆಟ್ಟಿದ್ದರು. ಎಲೆಗಳೆಲ್ಲ ಹಳದಿಯಾಗಿದ್ದವು.

"ಈ ಗಿಡ ಇಲ್ಲಿ ಬದುಕದಿದ್ರೆ ನಾನೂ ಇಲ್ಲಿರುವುದಿಲ್ಲ, ಊರಿಗೆ ಹೋಗ್ತೇನೆ ಅಂತ ಅವಳು ಹೇಳಿಯಾಗಿದೆ ಡಾಕ್ಟ್ರೇ. ಅವಳು ಹೋದ್ರೆ ಚಟ್ನಿ ಯಾರು ನೋಡುವುದು? ನನ್ನನ್ನು ಯಾರು ನೋಡುವುದು?"

ಚಟ್ನಿ ಮೊದಲು ಬಂದದ್ದನ್ನು ನಾನು ಅಕ್ಕನಿಗೆ ಇವತ್ತಿಗೂ ಹೇಳಿಲ್ಲ.

ಕುಂಡದ ಮಣ್ಣು ಒಣಗಿಸಿ ತನ್ನಿ ಎಂದೆ. ತಂದರು. ನಮ್ಮ ಪರೀಕ್ಷೆಯಲ್ಲಿ ಒಂದು ಕಿತ್ತಳೆ ಬಣ್ಣದ ದ್ರಾವಣ ಹಾಕುತ್ತೇವೆ. ಸಾವಯವ ಅಂಶ ಇದ್ದಷ್ಟೂ ಅದು ಹಸಿರಿಗೆ ತಿರುಗುತ್ತದೆ. ಇದು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಇಷ್ಟು ಸತ್ತ ಮಣ್ಣನ್ನು ನಾನು ಕಛ್‌ನ ಉಪ್ಪು ಮರುಭೂಮಿಯಿಂದ ಬಂದದ್ದರಲ್ಲೂ ಕಂಡಿರಲಿಲ್ಲ.

"ಒಣಗಿಸಿದ್ದು ಹೇಗೆ?"

"ಮಳೆಗಾಲ ಅಲ್ವಾ ಮಾರಾಯ್ರೆ, ಬಿಸಿಲೆಲ್ಲಿ? ಬಾಣಲೆಯಲ್ಲಿ ಹುರಿದದ್ದು. ಉಪ್ಪಿಟ್ಟಿನ ರವೆ ಹುರಿದ ಹಾಗೆ, ಘಮ್ ಅಂತ ಬರುವವರೆಗೆ."

ನಾನು ಅಳೆಯಬೇಕಿದ್ದದ್ದೆಲ್ಲ ಆ ಘಮದಲ್ಲೇ ಹೋಗಿತ್ತು. ಹಾಗೆಂದು ಹೇಳಿದೆ. ಅವರು ಪೆಚ್ಚಾದರು. "ನಮ್ಮ ಅಡುಗೆಯವರು ಒಂದು ಚಮಚ ತುಪ್ಪ ಹಾಕ್ಲಾ ಅಂತ ಕೇಳಿದ್ರು. ಪರೀಕ್ಷೆಗೆ ಹೋಗುವಂಥದ್ದು, ಬೇಡ ಅಂತ ನಾನೇ ತಡೆದೆ."

೩. ಸಪ್ಲೈಯರ್

ನೆರಳಿನಲ್ಲಿ ಆರಿಸಿದ ಹೊಸ ಮಣ್ಣು ತರಿಸಿ ನೋಡಿದೆ. ಕ್ಷಾರದ ಮಣ್ಣು, ಸಾವಯವ ಅಂಶ ಬಹಳ ಕಡಿಮೆ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ, ಗೊಬ್ಬರ ಹಾಕಿ ಎಂದೆ. ಅವರ ಕಿವಿಗೆ ಕಬ್ಬಿಣವಷ್ಟೇ ಬಿತ್ತು. ಮರುದಿನ ತಾರಸಿಗೆ ಹೋದರೆ ಒಂದು ಹಳೆಯ ದೋಸೆಕಾವಲಿ ಕುಂಡದೊಳಗೆ ಅರ್ಧ ಹೂತು ನಿಂತಿತ್ತು.

ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಕ್ಷಾರದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ, ಕೊಳೆತ ಗೊಬ್ಬರದ ಆಮ್ಲಗಳು ಅದನ್ನು ಹಿಡಿದೆಬ್ಬಿಸಿ ಬೇರಿಗೆ ತಲುಪಿಸುತ್ತವೆ ಎಂದು ವಿವರಿಸಿದೆ.

"ಅಂದ್ರೆ ಒಳಗೆ ದೋಸೆ ಉಂಟು, ಟೇಬಲ್ಲಿಗೆ ಬರ್ತಾ ಇಲ್ಲ. ಸಪ್ಲೈಯರ್ ಇಲ್ಲ."

"ಅಷ್ಟೇ. ಆದರೆ ಇಲ್ಲಿಯ ಬಿಸಿಲಿಗೆ ಗೊಬ್ಬರ ಬಹಳ ದಿನ ನಿಲ್ಲುವುದಿಲ್ಲ. ಹೊಸದು ಹಾಕುತ್ತಲೇ ಇರಬೇಕು."

"ಹಾಗಾದ್ರೆ ಅದು ಸಪ್ಲೈಯರೇ" ಎಂದು ಯಜಮಾನರು ಕಾವಲಿ ಕಿತ್ತರು.

೪. ಮಾಸಿಯ ಬಳಗ

ಗೊಬ್ಬರಕ್ಕೆಂದು ಅಕ್ಕ ತಾರಸಿಯಲ್ಲಿ ಡ್ರಮ್ಮಿಟ್ಟು ಎರೆಹುಳು ಬಿಟ್ಟರು. ನನ್ನ ಪಕ್ಕದ ಫ್ಲಾಟಿನ, ಎಲ್ಲರೂ ಮಾಸಿ ಎಂದು ಕರೆಯುವ ಜೈನ ಅಜ್ಜಿ ಓಡಿ ಬಂದರು. ಜೀವಗಳನ್ನು ಕೂಡಿಹಾಕುವುದೇ? ತಳದಲ್ಲಿ ತೂತಿದೆ, ಬೇಕಾದರೆ ಹೊರಡಲಿ ಎಂದು ಅಕ್ಕ ತೋರಿಸಿದರು. ಮಾಸಿಗೆ ಇನ್ನೊಂದು ಚಿಂತೆ. "ಹೋಟೆಲಿನ ಕಸ. ಈರುಳ್ಳಿ, ಬೆಳ್ಳುಳ್ಳಿ ಹಾಕ್ತೀರಾ ಇವಕ್ಕೆ?"

ಇದ್ದದ್ದನ್ನು ಹೇಳಿದೆ: ಎರೆಹುಳುಗಳಿಗೆ ಈರುಳ್ಳಿ, ಬೆಳ್ಳುಳ್ಳಿ ಹಿಡಿಸುವುದಿಲ್ಲ, ಹಾಕಿದರೆ ದೂರ ಸರಿಯುತ್ತವೆ.

ಮಾಸಿಯ ಮುಖ ಅರಳಿತು. ಅಂದಿನಿಂದ ಕಸ ಆರಿಸುವ ಕೆಲಸ ಅವರೇ ವಹಿಸಿಕೊಂಡರು. ಡ್ರಮ್ಮಿನೊಳಗೆ ಇಣುಕಿ ನಿಟ್ಟುಸಿರು ಬಿಡುತ್ತಾರೆ: "ನನ್ನ ಮೊಮ್ಮಕ್ಕಳಿಗಿಂತ ಇವೇ ವಾಸಿ."

೫. ಪಾರ್ಸೆಲ್

ಬೇಸಿಗೆಗೆ ಗಿಡ ಹಸಿರಾಯಿತು, ಮೊಗ್ಗು ಹಿಡಿಯಿತು. ಅಕ್ಕ ಮಲ್ಲಿಗೆ ಮುಡಿದು ಕೌಂಟರಿನಲ್ಲಿ ಕೂತದ್ದು ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಯಿತು. ಮರುವಾರ ಹೋದರೆ ಯಜಮಾನರೊಬ್ಬರೇ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

"ಅಕ್ಕ ಎಲ್ಲಿ?"

"ಊರಿಗೆ ಹೋದಳು."

"ಗಿಡ ಬದುಕಿತಲ್ಲ?"

"ಬದುಕಿದ್ದಕ್ಕೇ ಹೋದದ್ದು. ಅಲ್ಲಿ ಅವಳ ತಂಗಿಯ ಮಲ್ಲಿಗೆ ಸೊರಗಿದೆಯಂತೆ. ಎರಡು ಚೀಲ ಗೊಬ್ಬರ ಹೊತ್ತು ರೈಲು ಹತ್ತಿದ್ದಾಳೆ. ಅದು ಹೂ ಬಿಡದೆ ಬರುವುದಿಲ್ಲವಂತೆ."

ಇಡ್ಲಿ ಬಂತು. ಚಟ್ನಿಯಲ್ಲಿ ಉಪ್ಪಿಲ್ಲ, ಹುಳಿಯಿಲ್ಲ, ಹೇಳಲಿಕ್ಕೆ ಏನೂ ಇಲ್ಲ.

"ಬೇಗ ಹೂ ಬರಲಿಕ್ಕೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ ಡಾಕ್ಟ್ರೇ?"

"ಅಲ್ಲಿಯ ಮಣ್ಣು ನೋಡದೆ ಹೇಗೆ ಹೇಳಲಿ?"

ಅವರು ತಕ್ಷಣ ಊರಿಗೆ ಫೋನ್ ಹಚ್ಚಿದರು. "ಕೇಳು, ತಂಗಿಯ ಗಿಡದ ಮಣ್ಣು ಸ್ವಲ್ಪ ಬೇಕಂತೆ. ಹುರಿಯಬೇಡ. ನಾಳೆಯೇ ಹೊರಡು. ಪಾರ್ಸೆಲ್ಲಾ? ಇಲ್ಲ, ಇಲ್ಲ, ಪಾರ್ಸೆಲ್ ಮಾಡಿದ್ರೆ ಕೆಟ್ಟುಹೋಗ್ತದಂತೆ, ನೀನೇ ಕೈಯಲ್ಲಿ ಹಿಡ್ಕೊಂಡು ಬರಬೇಕಂತೆ." ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಕೆಡ್ತದಲ್ವಾ?"

ನಾನು ಚಟ್ನಿಯನ್ನು ಇನ್ನೊಮ್ಮೆ ನೆಕ್ಕಿ ನೋಡಿದೆ.

"ಪೂರ್ತಿ ಕೆಡುತ್ತದೆ" ಎಂದೆ.