ಪಂಕ್ ಕ್ಯಾಸೆಟ್ಟಿನಲ್ಲಿ ನಾನು ಸತ್ತದ್ದು

ಕನ್ನಡದ ಮೊಟ್ಟಮೊದಲ ಪಂಕ್ ಕ್ಯಾಸೆಟ್ ತಯಾರಿಸಿದವನು ನಾನೇ. ಈ ವಿಷಯವನ್ನು ಇದುವರೆಗೆ ಯಾರೂ ಎಲ್ಲೂ ಬರೆಯದ ಕಾರಣ, ಸಂಕೋಚವನ್ನು ಬದಿಗಿಟ್ಟು ನಾನೇ ಬರೆಯಬೇಕಾಗಿದೆ.

ಎಂಬತ್ತರ ದಶಕದ ಮಾತು. ಮುಳಬಾಗಿಲಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಎರಡು ಬೀದಿ ಆಚೆ ಮನೆ. ಮನೆಯಲ್ಲಿ ನಾನು ಮತ್ತು ನನ್ನನ್ನು ಸಾಕಿದ ಸೋದರತ್ತೆ ಪಾಪಮ್ಮ, ಇಬ್ಬರೇ. ಒಂದು ದಿನ ಕೆ.ಜಿ.ಎಫ್.ನಿಂದ ಒಬ್ಬರು ಕ್ಯಾಸೆಟ್ ಸಿಕ್ಕಿಕೊಂಡ ಟೇಪ್‌ರೆಕಾರ್ಡರ್ ತಂದುಕೊಟ್ಟರು. ಬಿಡಿಸಿ ಹಾಕಿದೆ. ಡ್ರಮ್ಮು ಓಟ ಕಿತ್ತಿತು, ಯಾರೋ ಗಂಟಲು ಹರಿಯುವಂತೆ ಕಿರುಚಿದ. ಮೋಟಾರಿನ ಸ್ಪೀಡು ಹೆಚ್ಚಾಗಿದೆ ಎಂದುಕೊಂಡು ಎರಡು ಗಂಟೆ ಕೂತು ಅದನ್ನು ತಗ್ಗಿಸಿದೆ. ಬಂದವರು ಕೇಳಿ ನಕ್ಕುಬಿಟ್ಟರು.

"ಅದು ಇರೋದೇ ಹಂಗೆ ಕಣ್ರೀ. ಹಾರ್ಡ್‌ಕೋರ್ ಪಂಕ್ ಅಂತಾರೆ. ನಮ್ಮಣ್ಣ ಇಂಗ್ಲೆಂಡಿಂದ ಕಳ್ಸಿದ್ದು."

ಅವರು ಸ್ಪೀಡು ಮತ್ತೆ ಏರಿಸಿಕೊಂಡು ಹೋದರು. ನನ್ನ ತಲೆಯೊಳಗೆ ಮಾತ್ರ ಅದು ನಿಲ್ಲಲಿಲ್ಲ. ಆ ಬಡಿತ ನಮ್ಮ ತಮಟೆಯಲ್ಲೇ ಇದೆಯಲ್ಲ, ಆ ಕೂಗು ನಮ್ಮ ಅಳುವ ಹಾಡಿನಲ್ಲೇ ಇದೆಯಲ್ಲ ಎನ್ನಿಸಿತು. ಬೇರು ನಮ್ಮೂರಿನದು, ಮೇಲಿನ ಇಂಪು ನನ್ನದು. ಗುಜರಿಯಲ್ಲಿ ಒಂದು ಗಿಟಾರು ಸಿಕ್ಕಿತು. ಆರು ತಂತಿಯಲ್ಲಿ ಮೂರು ಉಳಿದಿದ್ದವು. ಪಂಕ್‌ಗೆ ಮೂರು ಧಾರಾಳವಾಯಿತು.

ನಂಗಲಿಯ ಮುನಿಯಪ್ಪಣ್ಣನಂಥ ತಮಟೆಗಾರ ಸುತ್ತಮುತ್ತ ಇರಲಿಲ್ಲ. ನಿನಗೆ ಗೊತ್ತಿರುವುದರಲ್ಲೆಲ್ಲ ಎದೆ ನಡುಗಿಸುವ ಏಟು ಬಾರಿಸಣ್ಣ ಎಂದು ಕೇಳಿಕೊಂಡೆ.

"ಅದು ಹೆಣ ಎತ್ತೋ ಏಟು ನಾಗರಾಜಣ್ಣ. ಊರೊಳಗೆ ಸುಮ್ಸುಮ್ನೆ ಬಾರಿಸಂಗಿಲ್ಲ," ಎಂದ.

ಶಾಸ್ತ್ರಕ್ಕೆ ಅಡ್ಡಿಯಾಗದಿರಲೆಂದು ಕೆರೆ ಏರಿಯ ಮೇಲೆ ಕೂತು ರೆಕಾರ್ಡ್ ಮಾಡಿಕೊಂಡೆ. ಅದೇ ಏಟು ಕ್ಯಾಸೆಟ್ಟಿನೊಳಗೆ ಕೂತು ಊರಿಗೆ ಬರುತ್ತದೆ ಎಂಬುದು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಇನ್ನು ಅಳುವ ಹಾಡು. ಯಾರ ಮನೆಯಲ್ಲಿ ಸಾವಾದರೂ ನಮ್ಮ ಪಾಪಮ್ಮತ್ತೆಯನ್ನು ಕರೆಯುತ್ತಿದ್ದರು. ಅತ್ತೆ ದನಿ ಎತ್ತಿದರೆ ಕಲ್ಲಿಗೂ ಕಣ್ಣೀರು ಬರಬೇಕು. ಮೈಕು ಮುಂದೆ ಹಿಡಿದರೆ ಮಾತ್ರ ಅದನ್ನು ಪಕ್ಕಕ್ಕೆ ತಳ್ಳಿದಳು.

"ಹೆಸರಿಲ್ದೆ ಅಳಕ್ ಬರಲ್ಲ ಕಣೋ. ಸತ್ತೋರ ಹೆಸರು ಹಿಡ್ದು ಕರೀಬೇಕು. ಯಾರನ್ನ ಕರೀಲಿ?"

"ನನ್ ಹೆಸರೇ ಹಾಕತ್ತೆ."

"ಬಿಡ್ತು ಅನ್ನೋ, ಮುಂಡೇದೆ."

"ಬಿಡ್ತು. ಈಗ ಹಾಕು."

ಮೂರು ದಿನ ಗೋಗರೆದ ಮೇಲೆ ಅತ್ತೆ ಮೂರು ಸಲ ಉಗಿದು ಶುರುಮಾಡಿದಳು. "ಎದ್ ಬಾರೋ ನಾಗರಾಜ, ನಾ ಕೊಡುಕಾ, ನನ್ ಮಗನೇ, ಉಣ್ಣೋ ಹೊತ್ತಾಯ್ತಲ್ಲೋ..." ಬದುಕಿದ್ದೇನೆ ಎಂದು ಖಾತ್ರಿ ಇದ್ದ ನನಗೇ ಬೆನ್ನುಹುರಿಯಲ್ಲಿ ತಣ್ಣಗಾಯಿತು. ಕ್ಯಾಸೆಟ್ಟಿನಲ್ಲಿ ಮೊದಲು ನನ್ನ ಗಿಟಾರು ಮತ್ತು ಕೂಗು, ಆಮೇಲೆ ಅತ್ತೆ, ಕೊನೆಗೆ ತಮಟೆ. ಹೀಗೆ ಒಂದು ಸಮಗ್ರ ಕಲಾಕೃತಿ ಸಿದ್ಧವಾಯಿತು.

ಆಗ ಶ್ರೀನಿವಾಸಪುರದ ಸಾವಿತ್ರಿಯ ಮನೆಯವರೊಂದಿಗೆ ಮಾತುಕತೆ ನಡೆದಿತ್ತು. ಅವಳು ನಾನು ನೋಡಿದ ಒಂಬತ್ತನೇ ಹುಡುಗಿ, ನನ್ನನ್ನು ನೋಡಿಯೂ ಬೇಡ ಅನ್ನದ ಮೊದಲನೆಯವಳು. ನನಗಂತೂ ಅವಳು ಬಹಳ ಹಿಡಿಸಿದ್ದಳು. ಅವಳಪ್ಪ ಕೃಷ್ಣಪ್ಪನವರು ಒಂದು ಸೋಮವಾರ ನಮ್ಮ ಮನೆ ನೋಡಲು ಬರುವುದೆಂದಾಯಿತು. ಮನೆ ಒಪ್ಪಿಗೆಯಾದರೆ ಮದುವೆ, ಇಲ್ಲವಾದರೆ ಹತ್ತನೇ ಹುಡುಗಿ.

ಆ ಸೋಮವಾರ ಬೆಳಗ್ಗೆ ಅಂಗಡಿಯಿಂದ ದೊಡ್ಡ ಸ್ಪೀಕರುಗಳನ್ನು ತಂದು ಕಿಟಕಿಯ ಹಿಂದೆ ಇಟ್ಟೆ. ಮಾವನಾಗುವವರು ಬೀದಿಗೆ ಕಾಲಿಡುವಾಗ, ಒಳಗೇ ಯಾರೋ ಕೂತು ಹಾಡುತ್ತಿದ್ದಾರೆ ಅನ್ನಿಸಬೇಕು ಎಂಬುದು ನನ್ನ ಗುರಿ. ವೈರು ಸೇರಿಸುವಾಗ ಆಂಪ್ಲಿಫೈಯರ್ ಒಮ್ಮೆ ಕೈಗೆ ಹೊಡೆಯಿತು. ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಒರಗಿದೆ, ಮತ್ತೆ ಎದ್ದೆ. ಕಸುಬಿನಲ್ಲಿ ಇದೆಲ್ಲ ಮಾಮೂಲು. ಅತ್ತೆ ಕಾಯಿ ಒಡೆಸಲು ಆಂಜನೇಯನ ಗುಡಿಗೆ ಹೋಗಿದ್ದಳು. ಹೊತ್ತಿದೆಯಲ್ಲ, ಒಂದು ಸಲ ಪರೀಕ್ಷೆ ಮಾಡೋಣ ಎಂದು ಪೂರ್ತಿ ದನಿಯಲ್ಲಿ ಕ್ಯಾಸೆಟ್ ಹಾಕಿ, ಮುಂಬಾಗಿಲ ಚಿಲಕ ಜಡಿದು, ಹಿತ್ತಿಲ ಬಚ್ಚಲಿಗೆ ಸ್ನಾನಕ್ಕೆ ಹೋದೆ. ಒಲೆ ಉರಿ, ನೀರಿನ ಸದ್ದು, ಅದರ ಮೇಲೆ ನನ್ನದೇ ಸಂಗೀತ. ಸುಖವಾಗಿ ಮಿಂದೆ.

ಬಿಳಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡು ಹೊರಗೆ ಬಂದಾಗ ಕ್ಯಾಸೆಟ್ ಮುಗಿದಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ಎದುರಿನ ಹಿಟ್ಟಿನ ಗಿರಣಿ ನಿಂತಿತ್ತು. ಹೋಟೆಲಿನ ರೇಡಿಯೋ ಇಲ್ಲ. ಹಗಲು ಹತ್ತು ಗಂಟೆಗೆ ಬೀದಿಯಲ್ಲಿ ಒಂದು ನಾಯಿಯ ಸದ್ದೂ ಇಲ್ಲ. ಎಲ್ಲಿಂದಲೋ ಮಚ್ಚಿನಲ್ಲಿ ಬಿದಿರು ಸೀಳುವ ಸದ್ದು ಮಾತ್ರ ಬರುತ್ತಿತ್ತು. ಮನೆಯ ಪಕ್ಕದ ಓಣಿಯಲ್ಲಿ ಬಂದು ಇಣುಕಿದೆ.

ನಮ್ಮ ಜಗಲಿಯ ತುಂಬ ಜನ. ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎಲ್ಲರೂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ಒಬ್ಬರೂ ತಿರುಗಿ ನನ್ನತ್ತ ನೋಡಲಿಲ್ಲ. ಮುಂದೆ ನಿಂತಿದ್ದ ಗಿರಣಿಯ ವೆಂಕಟಪ್ಪನನ್ನು ಮೆಲ್ಲಗೆ ಕೇಳಿದೆ.

"ಯಾರು ಹೋಗಿದ್ದಣ್ಣಾ?"

ಆತ ತಿರುಗದೆಯೇ ಹೇಳಿದ. "ನಾಗರಾಜ."

"ಯಾವ ನಾಗರಾಜ?"

"ಇದೇ ಮನೆಯೋನು, ಟೇಪು ರಿಪೇರಿ. ಕರೆಂಟು ಹಿಡ್ಕೊಂಡ್ಬಿಡ್ತು. ಗುಂಯ್ ಅಂತಿತ್ತು, ಪಾಪ ಎಷ್ಟು ಕಿರುಚಿಕೊಂಡ ಅಂತೀಯ. ಕೇಳಕ್ಕಾಗ್ಲಿಲ್ಲ."

ಅದು ನನ್ನ ಗಾಯನ. ಗುಂಯ್ ಅಂದದ್ದು ಗಿಟಾರು.

"ಆಮೇಲೆ ಪಾಪಮ್ಮ ಅತ್ತಳು. ಅಳ್ತಾ ಅಳ್ತಾ ದನಿ ಟಕ್ ಅಂತ ನಿಂತೋಯ್ತು. ತಮಟೆ ಬೇರೆ ಕೇಳಿಸ್ತು, ತಮಟೆಯೋರು ಯಾರೂ ಬಂದಿಲ್ಲ. ಬಾಗ್ಲು ಒಡೀಬೇಕು, ಯಾರಿಗೂ ಧೈರ್ಯ ಸಾಲ್ತಾ ಇಲ್ಲ."

ಇಲ್ಲಿ ನಾನು ಒಂದು ಸತ್ಯವನ್ನು ಒಪ್ಪಿಕೊಳ್ಳಬೇಕು. ನಗುವುದನ್ನು ಬಿಟ್ಟು ನಾನು ಹೆದರಿದೆ. ಬೆಳಗ್ಗೆ ಷಾಕ್ ಹೊಡೆದದ್ದು ನಿಜ. ಕಣ್ಣಿಗೆ ಕತ್ತಲೆ ಬಂದದ್ದೂ ನಿಜ. ಆಮೇಲೆ ಎದ್ದದ್ದು ಪೂರ್ತಿ ನಾನೇನಾ? ಇಷ್ಟು ಜನರಲ್ಲಿ ಒಬ್ಬರೂ ನನ್ನನ್ನು ನೋಡುತ್ತಿಲ್ಲ ಏಕೆ? ಬಗ್ಗಿ ನೆರಳನ್ನು ಹುಡುಕಿದೆ. ಓಣಿಯಲ್ಲಿ ಬಿಸಿಲೇ ಇರಲಿಲ್ಲ.

"ಹೆಂಗಿದ್ದ ಮನುಷ್ಯ?" ಎಂದು ಕೇಳಿದೆ. ಸತ್ತಿದ್ದರೆ ಇದಾದರೂ ತಿಳಿಯಲಿ ಎಂದು.

ವೆಂಕಟಪ್ಪ ತುಂಬ ಹೊತ್ತು ಯೋಚಿಸಿದ. "ಒಳ್ಳೇನೇ," ಎಂದ. ಮತ್ತೇನೂ ಹೊಳೆಯಲಿಲ್ಲವೆಂದು ಕಾಣುತ್ತದೆ. "ನಮ್ ರೇಡಿಯೋ ಅವನ ಹತ್ರಾನೇ ಐತೆ."

ಅಷ್ಟರಲ್ಲಿ ಗುಂಪಿನ ಅಂಚಿನಲ್ಲಿ ಕೃಷ್ಣಪ್ಪನವರು ಕಂಡರು. ಒಂದು ಕೈಯಲ್ಲಿ ಹಣ್ಣಿನ ಬ್ಯಾಗು, ಇನ್ನೊಂದರಲ್ಲಿ ಹೂವಿನ ಪೊಟ್ಟಣ. ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಹೂವಿನ ಪೊಟ್ಟಣವನ್ನು ಜಗಲಿಯ ಮೇಲಿಟ್ಟು, ಕೈ ಮುಗಿದು, ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಸಾವಿತ್ರಿ ಹೋದಳು ಎನ್ನಿಸಿದ ಕೂಡಲೇ ಭಯವೆಲ್ಲ ಬಿಟ್ಟಿತು. ಒದ್ದೆ ತಲೆ, ಬಿಳಿ ಪಂಚೆ, ವಿಭೂತಿ ಸಮೇತ ಅವರ ಹಿಂದೆ ಓಡಿದೆ. ಜನ ಇಬ್ಭಾಗವಾಗಿ ದಾರಿ ಬಿಟ್ಟರು.

"ಮಾವ, ನಿಂತ್ಕೊಳ್ಳಿ ಮಾವ!"

ಕೃಷ್ಣಪ್ಪನವರು ತಿರುಗಿ ನೋಡಿದರು, ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಗಂಭೀರವಾಗಿ ಹೇಳಿದರು. "ಆಸೆ ಇಟ್ಕೋಬೇಡಪ್ಪ. ನಮಗೂ ನಿಂಗೂ ಋಣ ತೀರ್ತು. ನಮ್ ಹುಡ್ಗಿ ತಂಟೆಗೆ ಬರ್ಬೇಡ, ಹೋಗು."

ಹೇಳಿ ಓಡತೊಡಗಿದರು. ಎದುರಿಗೆ ಪ್ರಸಾದದ ತಟ್ಟೆ ಹಿಡಿದು ಪಾಪಮ್ಮತ್ತೆ ಬರದಿದ್ದರೆ ನಾವಿಬ್ಬರೂ ಶ್ರೀನಿವಾಸಪುರದವರೆಗೆ ಓಡುತ್ತಿದ್ದೆವೋ ಏನೋ. ಅತ್ತೆ ಗುಂಪನ್ನು ನೋಡಿದಳು, ಚಟ್ಟಕ್ಕೆ ಸೀಳಿದ ಬಿದಿರು ನೋಡಿದಳು, ನನ್ನನ್ನು ನೋಡಿದಳು. ಎಲ್ಲ ಅರ್ಥವಾಯಿತು. ನನ್ನ ಬೆನ್ನಿಗೆ ಛಟೀರ್ ಎಂದು ಒಂದು ಬಿಟ್ಟಳು. ಅಷ್ಟು ನೋವಾದ ಮೇಲೆ ನಾನು ಬದುಕಿದ್ದೇನೆ ಎಂಬುದರಲ್ಲಿ ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಕೃಷ್ಣಪ್ಪನವರು ನೀರು ಕುಡಿದು, ನನ್ನ ಕೈ ಮುಟ್ಟಿ, ಬಿಸಿಯಿದೆ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ, "ಸುಳ್ಳು ಸಾವಿನ ಸುದ್ದಿ ಹಬ್ಬಿದ್ರೆ ಆಯಸ್ಸು ಗಟ್ಟಿ ಆಗುತ್ತೆ ಅಂತಾರೆ. ಹುಡ್ಗೀಗೆ ಮುತ್ತೈದೆ ಭಾಗ್ಯ. ಒಪ್ಪಿದೀನಿ," ಎಂದರು. ಕ್ಯಾಸೆಟ್ಟನ್ನು ಅತ್ತೆ ಅದೇ ಬಚ್ಚಲ ಒಲೆಗೆ ಹಾಕಿದಳು. ಕನ್ನಡದ ಪಂಕ್ ಅಲ್ಲಿಗೆ ಮುಗಿಯಿತು.

ಈಗಲೂ ನಾನು ಆ ಮೂರು ತಂತಿಯ ಗಿಟಾರು ತೆಗೆದರೆ ಸಾವಿತ್ರಿ ಅಡುಗೆಮನೆಯಿಂದಲೇ ಹೇಳುತ್ತಾಳೆ.

"ಆಯಸ್ಸು ಗಟ್ಟಿ ಅಂತ ಒಪ್ಪಿದೋರು ನಮ್ಮಪ್ಪ. ಅನುಭವಿಸ್ತಿರೋಳು ನಾನು."